ವಿವಿ ಎಕ್ಮೋ, ಎರಡನೇ ವಾರ: ಡೆಲ್ಟಾ ಪಿ ಏರುತ್ತಿದೆ. ಆಕ್ಸಿಜನೇಟರ್ ಈಗಲೇ ಬದಲಿಸಬೇಕಾ?

ಪಂಪ್‌ಸೈಡ್ ಹುಬ್ಬಳ್ಳಿ
ಎಲ್ಲರಿಗೂ ನಮಸ್ಕಾರ. ನಾನು ಪರ್ಫ್ಯೂಷನಿಸ್ಟ್, ಅಂದರೆ ಎಕ್ಮೋ ಯಂತ್ರ ನಡೆಸುವವನು. ರೋಗಿಯ ಗುರುತು ಸಿಗಬಾರದು ಅಂತ ಕೆಲವು ವಿವರ ಆಚೀಚೆ ಮಾಡಿದ್ದೇನೆ.

ವೈರಲ್ ನ್ಯುಮೋನಿಯಾ, ಸಣ್ಣ ವಯಸ್ಸು, ವಿವಿ ಎಕ್ಮೋ (ರಕ್ತವನ್ನು ಸಿರೆಯಿಂದ ತೆಗೆದು, ಆಕ್ಸಿಜನೇಟರ್ ಎಂಬ ಕೃತಕ ಶ್ವಾಸಕೋಶದ ಮೂಲಕ ಹಾಯಿಸಿ ಸಿರೆಗೇ ಮರಳಿಸುವುದು) ಮೇಲೆ ಎರಡನೇ ವಾರ. ಸರ್ಕ್ಯೂಟ್ ಹಾಕಿದ ದಿನ 4.4 ಲೀಟರ್ ಫ್ಲೋಗೆ ಡೆಲ್ಟಾ ಪಿ (ಆಕ್ಸಿಜನೇಟರ್‌ಗೆ ಮೊದಲಿನ ಮತ್ತು ಆಮೇಲಿನ ರಕ್ತದ ಒತ್ತಡಗಳ ವ್ಯತ್ಯಾಸ) 24 ಇತ್ತು. ಮೊನ್ನೆವರೆಗೆ ಮೂವತ್ತರ ಆಸುಪಾಸಿನಲ್ಲೇ ಇತ್ತು. ಇವತ್ತು ಬೆಳಿಗ್ಗೆ 4.2 ಲೀಟರ್‌ಗೆ 46. ಅದೇ ಫ್ಲೋ ಉಳಿಸಿಕೊಳ್ಳಲು ಆರ್‌ಪಿಎಂ ಜಾಸ್ತಿ ಮಾಡಬೇಕಾಗಿ ಬಂದಿದೆ. ಎಫ್‌ಡಿಓ2 (ಯಂತ್ರಕ್ಕೆ ಕೊಡುವ ಗ್ಯಾಸ್‌ನಲ್ಲಿ ಆಮ್ಲಜನಕದ ಪ್ರಮಾಣ) 100 ಇಟ್ಟಾಗ ಪೋಸ್ಟ್ ಮೆಂಬ್ರೇನ್ (ಆಕ್ಸಿಜನೇಟರ್ ದಾಟಿದ ರಕ್ತದ) ಪಿಓ2, ಅಂದರೆ ಆಮ್ಲಜನಕದ ಒತ್ತಡ, ಮೊದಲು 430 ಬರುತ್ತಿತ್ತು, ಈಗ 240. ಪ್ರೀ ಮೆಂಬ್ರೇನ್ (ಒಳಗೆ ಬರುವ ರಕ್ತದ) ಸ್ಯಾಚುರೇಷನ್ 65, ಪಿಓ2 36. ಹಿಮೋಗ್ಲೋಬಿನ್ 9. ಸ್ವೀಪ್ (ಆಕ್ಸಿಜನೇಟರ್‌ಗೆ ಹೋಗುವ ಗ್ಯಾಸ್‌ನ ಹರಿವು) 4 ಲೀಟರ್‌ನಿಂದ 7ಕ್ಕೆ ಹೋಗಿದೆ, ಆದರೂ ಪೋಸ್ಟ್ ಪಿಸಿಓ2 (ಇಂಗಾಲದ ಡೈಆಕ್ಸೈಡ್ ಒತ್ತಡ) 44. ಡಿ-ಡೈಮರ್ (ಹೆಪ್ಪು ಕಟ್ಟಿ ಕರಗುತ್ತಿರುವುದರ ಗುರುತು) ಎರಡು ದಿನದಲ್ಲಿ ದುಪ್ಪಟ್ಟಾಗಿದೆ. ಪ್ಲೇಟ್‌ಲೆಟ್ 1.6 ಲಕ್ಷದಿಂದ 88 ಸಾವಿರಕ್ಕೆ ಇಳಿದಿದೆ.

ಟಾರ್ಚ್ ಹಾಕಿ ನೋಡಿದರೆ ಇನ್‌ಲೆಟ್ ಬದಿಯ ಮೇಲಿನ ಮೂಲೆಯಲ್ಲಿ ಕಪ್ಪು ಕಲೆ ಇದೆ. ಅದು ಮೊದಲಿಂದಲೂ ಇತ್ತು, ಸ್ವಲ್ಪ ಅಗಲವಾಗಿದೆ. ಹೊಸದೆಂದರೆ ಔಟ್‌ಲೆಟ್ ಬದಿಯಲ್ಲಿ ಬಿಳಿ ಎಳೆಗಳು.

ರೋಗಿಯ ಸ್ಯಾಚುರೇಷನ್ 91 ಇದೆ. "ರೋಗಿ ಚೆನ್ನಾಗಿದ್ದಾರೆ, ಯಾಕೆ ಮುಟ್ಟಬೇಕು?" ಅಂತಾರೆ ನಮ್ಮ ಕನ್ಸಲ್ಟೆಂಟ್. ನಾಳೆ ಬೆಳಿಗ್ಗೆ ಎಲ್ಲರೂ ಇರುವಾಗ ಬದಲಿಸೋಣ ಅನ್ನುವುದು ನನ್ನ ವಾದ. ನೀವು ಏನು ಮಾಡುತ್ತಿದ್ದಿರಿ?

ಬಯೋಮೆಡ್ ಮೈಸೂರು
ಮೊದಲ ಪ್ರಶ್ನೆ: ಎರಡೂ ಟ್ರಾನ್ಸ್‌ಡ್ಯೂಸರ್ (ಒತ್ತಡ ಅಳೆಯುವ ಸೆನ್ಸರ್) ಝೀರೋ ಮಾಡಿದ್ರಾ? ಎರಡೂ ಒಂದೇ ಎತ್ತರದಲ್ಲಿವೆಯಾ? ಸ್ಟಾಪ್‌ಕಾಕ್‌ನಲ್ಲಿ ಸಣ್ಣ ಕ್ಲಾಟ್ ಕೂತರೂ ಡೆಲ್ಟಾ ಪಿ ಸುಳ್ಳು ಹೇಳುತ್ತದೆ.

ಪಂಪ್‌ಸೈಡ್ ಹುಬ್ಬಳ್ಳಿ
ಮಾಡಿದ್ದೇವೆ ಸರ್. ಲೈನ್ ಫ್ಲಶ್ ಮಾಡಿ, ಮತ್ತೆ ಝೀರೋ ಮಾಡಿ ನೋಡಿದೆ. 45, 46 ಅಷ್ಟೇ.

ಐಸಿಯು ಅಕ್ಕ
ಪ್ರೀ, ಪೋಸ್ಟ್ ಎರಡನ್ನೂ ಬೇರೆ ಬೇರೆ ಬರೆಯಪ್ಪ. ಡೆಲ್ಟಾ ಮಾತ್ರ ಹೇಳಿದರೆ ಅರ್ಧ ಕಥೆ. ಎರಡೂ ಒಟ್ಟಿಗೆ ಏರಿದ್ದರೆ ತೊಂದರೆ ಆಕ್ಸಿಜನೇಟರ್ ದಾಟಿದ ಮೇಲೆ ಇದೆ: ರಿಟರ್ನ್ ಕ್ಯಾನುಲಾ ಮಡಚಿರಬಹುದು, ರೋಗಿ ಕೆಮ್ಮುತ್ತಿರಬಹುದು, ಪಕ್ಕಕ್ಕೆ ಹೊರಳಿಸಿದಾಗ ಕಾಲಿನ ಕೆಳಗೆ ಟ್ಯೂಬ್ ಸಿಕ್ಕಿರಬಹುದು. ಪ್ರೀ ಏರಿ ಪೋಸ್ಟ್ ಅಲ್ಲೇ ಇದ್ದರೆ ಅಥವಾ ಇಳಿದರೆ ಆಕ್ಸಿಜನೇಟರ್. ಎರಡೂ ಇಳಿದು ಫ್ಲೋ ಕೂಡ ಇಳಿದರೆ ಡ್ರೈನೇಜ್ (ರೋಗಿಯಿಂದ ರಕ್ತ ಎಳೆಯುವ) ಕಡೆ ನೋಡಬೇಕು. ನಮ್ಮ ಹೊಸ ಹುಡುಗಿಯರಿಗೆ ಮೊದಲ ದಿನ ಇದನ್ನೇ ಹೇಳಿಕೊಡುತ್ತೇನೆ.

ಪಂಪ್‌ಸೈಡ್ ಹುಬ್ಬಳ್ಳಿ
ಪ್ರೀ 208ರಿಂದ 226ಕ್ಕೆ ಏರಿದೆ, ಪೋಸ್ಟ್ 184 ಇದ್ದದ್ದು 180. ಅಂದರೆ ಆಕ್ಸಿಜನೇಟರೇ ಅಲ್ವಾ ಅಕ್ಕ?

ಐಸಿಯು ಅಕ್ಕ
ಹೌದು, ಅದೇ.

ರಾತ್ರಿಪಾಳಿ ಡಾಕ್ಟರ್
ನಾನು ನಿಮ್ಮ ಕನ್ಸಲ್ಟೆಂಟ್ ಕಡೆ ಸ್ವಲ್ಪ ಮಾತಾಡುತ್ತೇನೆ. 430 ಇದ್ದದ್ದು 240 ಆಯಿತು ಅಂದರೆ ಅರ್ಧ ಕೆಟ್ಟುಹೋಯಿತು ಅಂತ ಎಲ್ಲರಿಗೂ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ.

ಹಿಮೋಗ್ಲೋಬಿನ್ 9, ಪ್ರೀ ಸ್ಯಾಚುರೇಷನ್ 65. ಒಳಗೆ ಬರುವ 100 ಎಂಎಲ್ ರಕ್ತದಲ್ಲಿ ಆಮ್ಲಜನಕ 1.34 × 9 × 0.65, ಅದಕ್ಕೆ 0.003 × 36 ಸೇರಿಸಿ. ಸುಮಾರು 7.95 ಎಂಎಲ್. ಹೊರಗೆ ಹೋಗುವಾಗ ಸ್ಯಾಚುರೇಷನ್ 100, ಪಿಓ2 240. ಅದು 12.78. ವ್ಯತ್ಯಾಸ 4.83. 4.2 ಲೀಟರ್ ಫ್ಲೋಗೆ ನಿಮಿಷಕ್ಕೆ ಸುಮಾರು 203 ಎಂಎಲ್ ಆಮ್ಲಜನಕ ಕೊಡುತ್ತಿದೆ.

ಈಗ ಪಿಓ2 430 ಇದೆ ಅಂದುಕೊಳ್ಳಿ, ಉಳಿದದ್ದೆಲ್ಲ ಇದೇ. ಆಗ ಬರುವುದು 227. ವ್ಯತ್ಯಾಸ ಬರೀ 24 ಎಂಎಲ್! ಹಿಮೋಗ್ಲೋಬಿನ್ ಒಮ್ಮೆ ತುಂಬಿದ ಮೇಲೆ ಪಿಓ2 ಎಷ್ಟೇ ಏರಿದರೂ ರಕ್ತದಲ್ಲಿ ಕರಗಿರುವ ಚೂರು ಮಾತ್ರ ಏರುವುದು. ಹಿಮೋಗ್ಲೋಬಿನ್ 9ರಿಂದ 10 ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ.

ಅದಕ್ಕೇ "ಪೋಸ್ಟ್ ಪಿಓ2 200ರ ಕೆಳಗೆ ಹೋದರೆ ಬದಲಿಸಿ" ಅನ್ನುವುದನ್ನು ಕಣ್ಣು ಮುಚ್ಚಿ ಪಾಲಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಅದು ಎಚ್ಚರಿಕೆ ಅಷ್ಟೇ, ಆದೇಶ ಅಲ್ಲ.

ಹಳೇ ಪರ್ಫ್ಯೂಷನಿಸ್ಟ್
ಡಾಕ್ಟರೇ, ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ಆಮ್ಲಜನಕ ಕೊಡುವುದು ನಿಲ್ಲುವುದು ಕಟ್ಟಕಡೆಗೆ. ಅಲ್ಲಿಯವರೆಗೆ ಕಾದರೆ ನಡುರಾತ್ರಿ ಓಡಬೇಕಾಗುತ್ತದೆ.

ನಾನು ಡೆಲ್ಟಾ ಪಿಯನ್ನು ಫ್ಲೋದಿಂದ ಭಾಗಿಸಿ ಬರೆದಿಡುತ್ತೇನೆ. ಇವರದ್ದು ಮೊದಲ ದಿನ 24 ಭಾಗ 4.4, ಅಂದರೆ 5.5. ಇವತ್ತು 46 ಭಾಗ 4.2, ಹತ್ತಿರ ಹತ್ತಿರ 11. ರೆಸಿಸ್ಟೆನ್ಸ್ ದುಪ್ಪಟ್ಟು. ಅದರಲ್ಲೂ ಮೊನ್ನೆಯಿಂದ ಇವತ್ತಿಗೆ ಒಮ್ಮೆಗೇ ಏರಿದ್ದು. ನಿಧಾನಕ್ಕೆ ಏರುವುದು ಬೇರೆ, ಹೀಗೆ ಜಿಗಿಯುವುದು ಬೇರೆ. ಫ್ಲೋ ಹೇಳದೆ ಡೆಲ್ಟಾ ಪಿ ಮಾತ್ರ ಹೇಳಿದರೆ ನಾನು ಕೇಳುವುದೇ ಇಲ್ಲ. ಒಂದೊಂದು ಕಂಪನಿಯ ಮೆಂಬ್ರೇನ್‌ಗೂ ಮೊದಲ ದಿನದ ಅಂಕಿ ಬೇರೆ. ಆ ರೋಗಿಯ, ಆ ಸೆಟ್‌ನ ಮೊದಲ ದಿನದ ಅಂಕಿಯೇ ನಮಗೆ ಅಳತೆ.

ಬಿಎಸ್‌ಸಿ ಫೈನಲ್ ಇಯರ್
ಸರ್, ಸೆಟ್ ಮೇಲೆ 14 ದಿನ ಅಂತ ಬರೆದಿರುತ್ತದಲ್ಲ, 14 ಆದ ಕೂಡಲೇ ಬದಲಿಸಬೇಕಾ?

ಹಳೇ ಪರ್ಫ್ಯೂಷನಿಸ್ಟ್
ಕಂಪನಿ ಎಷ್ಟು ದಿನಕ್ಕೆ ಪರೀಕ್ಷೆ ಮಾಡಿ ಅನುಮತಿ ಪಡೆದಿದೆ ಅನ್ನುವುದು ಅದು. ಎಲ್ಲ ಸೆಟ್‌ಗೂ 14 ಅಲ್ಲ, ಲೇಬಲ್ ಓದಬೇಕು. 14ನೇ ದಿನ ದಾಟಿದರೂ ಚೆನ್ನಾಗಿ ನಡೆಯುವವು ಇವೆ, ನಾಲ್ಕನೇ ದಿನಕ್ಕೆ ಮುಚ್ಚಿಹೋಗುವವೂ ಇವೆ. ಲೇಬಲ್ ದಾಟಿದ ಮೇಲೆ ಇನ್ನೂ ಹೆಚ್ಚು ಎಚ್ಚರ ಬೇಕು, ಆಸ್ಪತ್ರೆಯ ನಿಯಮ ಏನಿದೆ ನೋಡಬೇಕು. ಕ್ಯಾಲೆಂಡರ್ ನೋಡಿಯೇ ಬದಲಿಸುವವರನ್ನು ನಾನು ದೂರುವುದಿಲ್ಲ. ನನಗೆ ಟ್ರೆಂಡ್ ಮೇಲೆ ನಂಬಿಕೆ ಜಾಸ್ತಿ.

ಲೆಸ್ಟರ್ ಕನ್ನಡಿಗ
ಸಿಓ2 ಬಗ್ಗೆ ಯಾರೂ ಮಾತಾಡಲಿಲ್ಲ. ಸ್ವೀಪ್ 4ರಿಂದ 7 ಆಗಿಯೂ ಪೋಸ್ಟ್ ಪಿಸಿಓ2 44 ಅಂದರೆ ಎರಡು ಕಾರಣ ಇರಬಹುದು. ಒಂದು, ಮೆಂಬ್ರೇನ್‌ನ ಒಂದು ಭಾಗಕ್ಕೆ ರಕ್ತ ಹೋಗುತ್ತಿಲ್ಲ. ಇನ್ನೊಂದು, ಗ್ಯಾಸ್ ಹೋಗುವ ಟೊಳ್ಳು ಎಳೆಗಳೊಳಗೆ ನೀರಿನ ಹನಿ ಕಟ್ಟಿದೆ. ಬೆಚ್ಚಗಿನ ರಕ್ತ, ತಣ್ಣನೆ ಗ್ಯಾಸ್, ಹನಿ ಕಟ್ಟಿಯೇ ಕಟ್ಟುತ್ತದೆ. ಸ್ವೀಪ್ ಅನ್ನು ಕೆಲವೇ ಸೆಕೆಂಡು 10 ಲೀಟರ್‌ಗೆ ಏರಿಸಿ ಊದಿ ಹೊರಹಾಕಿ. ನಾವು ಪ್ರತಿ ಶಿಫ್ಟ್‌ನಲ್ಲೂ ಮಾಡುತ್ತೇವೆ. ಆಮೇಲೆ ಸ್ವೀಪ್ ಹಳೆಯ ಜಾಗಕ್ಕೆ ತರುವುದನ್ನು ಮಾತ್ರ ಮರೆಯಬಾರದು. ಊದಿದ ಮೇಲೆ ಗ್ಯಾಸ್ ಸರಿ ಬಂದರೆ ಒಂದು ಸೆಟ್ ಉಳಿಯಿತು.

ಪಂಪ್‌ಸೈಡ್ ಹುಬ್ಬಳ್ಳಿ
ಮಾಡಿದೆವು. ಎಗ್ಸಾಸ್ಟ್‌ನಿಂದ ನಾಲ್ಕು ಹನಿ ನೀರು ಬಂತು. ಪಿಸಿಓ2 44 ಇದ್ದದ್ದು 42 ಆಯಿತು. ಅಷ್ಟೇ.

ಲೆಸ್ಟರ್ ಕನ್ನಡಿಗ
ನೀರು ಬಣ್ಣವಿಲ್ಲದೆ ಇತ್ತಾ? ಹಳದಿ, ನೊರೆ ನೊರೆಯಾಗಿದ್ದರೆ ಪ್ಲಾಸ್ಮಾ ಸೋರಿಕೆ. ಆಗ ಚರ್ಚೆಯೇ ಬೇಡ, ಬದಲಿಸಬೇಕು.

ಪಂಪ್‌ಸೈಡ್ ಹುಬ್ಬಳ್ಳಿ
ತಿಳಿ ನೀರು ಸರ್.

ಬಯೋಮೆಡ್ ಮೈಸೂರು
ಗ್ಯಾಸ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಎಗ್ಸಾಸ್ಟ್ ಪೋರ್ಟ್ ಮೇಲೆ ಟೇಪು, ಬಟ್ಟೆ, ಏನೂ ಬರಬಾರದು. ಅದು ಮುಚ್ಚಿದರೆ ಗ್ಯಾಸ್ ಒತ್ತಡ ರಕ್ತದ ಒತ್ತಡಕ್ಕಿಂತ ಜಾಸ್ತಿಯಾಗಿ ಗಾಳಿ ರಕ್ತಕ್ಕೆ ನುಗ್ಗುತ್ತದೆ. ಆಕ್ಸಿಜನೇಟರ್ ರೋಗಿಗಿಂತ ಕೆಳಗೆ ಇರಬೇಕು ಅನ್ನುವುದೂ ಇದಕ್ಕೇ. ಹನಿ ಬೀಳುತ್ತದೆ ಅಂತ ಹತ್ತಿಯಿಂದ ಪೋರ್ಟ್ ಮುಚ್ಚಿದ್ದನ್ನು ನಾನು ಒಂದು ಕಡೆ ಕಣ್ಣಾರೆ ನೋಡಿದ್ದೇನೆ. ಹೊಸಬರಿಗೆ ಇದನ್ನು ಕೈ ಹಿಡಿದು ತೋರಿಸಿ ದಯವಿಟ್ಟು.

ಓದುಗ ತುಮಕೂರು
ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. 2020ರಲ್ಲಿ ಎಸ್‌ಪಿಬಿ ಅವರು ಚೆನ್ನೈನಲ್ಲಿ ಎಕ್ಮೋದಲ್ಲಿದ್ದಾಗ ಈ ಪದ ಮೊದಲು ಕೇಳಿದ್ದು. ಆಮೇಲೆ ನಮ್ಮ ಮನೆಗೇ ಬಂತು, ನನ್ನ ತಮ್ಮನಿಗೆ ಹಾಕಿದ್ದರು. ಒಂದು ದಿನ ರಾತ್ರಿ ಹೊರಗೆ ಬಂದು "ಆಕ್ಸಿಜನೇಟರ್ ಫೇಲ್ ಆಗುತ್ತಿದೆ, ಬದಲಿಸಬೇಕು, ಸಹಿ ಹಾಕಿ" ಅಂದರು. ಫೇಲ್ ಅಂದರೆ ತಮ್ಮನ ಶ್ವಾಸಕೋಶ ಫೇಲ್ ಆಯಿತು ಅಂತಲೇ ನಾವು ತಿಳಿದುಕೊಂಡೆವು. ಅಮ್ಮ ಅಲ್ಲೇ ಕುಸಿದು ಕೂತರು. ಅದು ಯಂತ್ರದ ಭಾಗ ಅಂತ ಬೆಳಿಗ್ಗೆ ಗೊತ್ತಾಯಿತು. ಈಗಲೂ ಸರಿಯಾಗಿ ಅರ್ಥವಾಗಿಲ್ಲ. ಯಾಕೆ ಕೆಡುತ್ತದೆ ಅದು?

ಐಸಿಯು ಅಕ್ಕ
ಕ್ಷಮೆ ಯಾಕೆ, ನೀವು ಕೇಳಿದ್ದೇ ಒಳ್ಳೆಯದಾಯಿತು. ಕೂದಲಿನಂಥ ಸಣ್ಣ ಟೊಳ್ಳು ಎಳೆಗಳು ಸಾವಿರಾರು ಇರುತ್ತವೆ ಅದರೊಳಗೆ. ಎಳೆಯ ಒಳಗೆ ಗ್ಯಾಸ್, ಹೊರಗೆ ರಕ್ತ. ಅಲ್ಲೇ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ರಕ್ತದಿಂದ ಹೋಗುತ್ತದೆ. ರಕ್ತ ನಮ್ಮ ಮೈಯಲ್ಲದ ಯಾವುದನ್ನು ಮುಟ್ಟಿದರೂ ಹೆಪ್ಪುಗಟ್ಟಲು ನೋಡುತ್ತದೆ. ಹೆಪಾರಿನ್ ಕೊಟ್ಟು ತಡೆಯುತ್ತೇವೆ, ಪೂರ್ತಿ ತಡೆಯಲು ಆಗುವುದಿಲ್ಲ. ಬೋರ್‌ವೆಲ್ ನೀರಿನ ಪೈಪಿನಲ್ಲಿ ಉಪ್ಪು ಕಟ್ಟುತ್ತದಲ್ಲ, ಹಾಗೆ ಸ್ವಲ್ಪ ಸ್ವಲ್ಪವೇ ಕಟ್ಟುತ್ತದೆ. ಹಿಂದೆ ಒತ್ತಡ ಜಾಸ್ತಿ, ಮುಂದೆ ಹರಿವು ಕಡಿಮೆ. ನಿಮ್ಮ ತಮ್ಮನ ಶ್ವಾಸಕೋಶಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ತಮ್ಮ ಹೇಗಿದ್ದಾರೆ ಈಗ?

ಓದುಗ ತುಮಕೂರು
ಚೆನ್ನಾಗಿದ್ದಾನೆ ಅಕ್ಕ. ತೋಟಕ್ಕೆ ಹೋಗುತ್ತಾನೆ, ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು ಬರುತ್ತದೆ. ಇಷ್ಟು ಸರಳವಾಗಿ ಅವತ್ತು ಯಾರಾದರೂ ಹೇಳಿದ್ದರೆ ಅಮ್ಮನಿಗೆ ಆ ರಾತ್ರಿ ಇರುತ್ತಿರಲಿಲ್ಲ.

ರಾತ್ರಿಪಾಳಿ ಡಾಕ್ಟರ್
ಇದನ್ನು ಓದಿ ಬೇಸರವಾಯಿತು. ಎಕ್ಮೋ ಹಾಕುವ ದಿನವೇ ಮನೆಯವರಿಗೆ ಹೇಳಿಬಿಡಬೇಕು: ಈ ಭಾಗ ನಡುವೆ ಬದಲಿಸಬೇಕಾಗಬಹುದು, ಅದರ ಖರ್ಚು ಬೇರೆ, ಬದಲಿಸಿದರೆ ರೋಗಿ ಕೆಟ್ಟರು ಅಂತಲ್ಲ. ಒಂದು ಸೆಟ್ ಎಂದರೆ ಲಕ್ಷದ ಮಾತು. ರಾತ್ರಿ ಎರಡು ಗಂಟೆಗೆ ಮೊದಲ ಸಲ ಕೇಳುವ ವಿಷಯ ಅಲ್ಲ ಅದು.

ಇನ್ನು ಹುಬ್ಬಳ್ಳಿಯವರಿಗೆ: ಹೆಪಾರಿನ್ ಹೇಗೆ ನಡೆದಿದೆ? ಪ್ಲೇಟ್‌ಲೆಟ್ ಇಳಿದಿರುವ ಸಮಯ ನನಗೆ ಇಷ್ಟವಾಗಲಿಲ್ಲ. ಹೆಪಾರಿನ್ ಶುರುವಾಗಿ 5ರಿಂದ 10 ದಿನದೊಳಗೆ ಪ್ಲೇಟ್‌ಲೆಟ್ ಅರ್ಧದ ಹತ್ತಿರ ಇಳಿದು, ಜೊತೆಗೆ ಕ್ಲಾಟ್ ಬರುತ್ತಿದ್ದರೆ ಹಿಟ್ (ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿದು ಹೆಪ್ಪುಗಟ್ಟುವ ತೊಂದರೆ) ಬಗ್ಗೆ ಯೋಚಿಸಲೇಬೇಕು. ಅದರ ಪರೀಕ್ಷೆ, ಪಿಎಫ್4 ಆಂಟಿಬಾಡಿ, ಕಳಿಸಿದ್ರಾ? ಹಿಟ್ ಆಗಿದ್ದರೆ ಹೊಸ ಮೆಂಬ್ರೇನ್ ಹಾಕಿದರೂ ಅದು ಹೀಗೇ ಮುಚ್ಚುತ್ತದೆ. ಹೆಪ್ಪು ತಡೆಯುವ ಬೇರೆ ಔಷಧಿ ಬೈವಾಲಿರುಡಿನ್‌ಗೆ ಬದಲಾಯಿಸಬೇಕು, ಹೆಪಾರಿನ್ ಕೋಟಿಂಗ್ ಇರುವ ಸೆಟ್ ಕೂಡ ಬೇಡ.

ಪಂಪ್‌ಸೈಡ್ ಹುಬ್ಬಳ್ಳಿ
ಟ್ರಕಿಯಾಸ್ಟಮಿ ಮಾಡಿದ ಜಾಗದಲ್ಲಿ ರಕ್ತ ನಿಲ್ಲಲಿಲ್ಲ, ಅದಕ್ಕೆ ಹೆಪಾರಿನ್ ಒಂದೂವರೆ ದಿನ ನಿಲ್ಲಿಸಿದ್ದೆವು. ಈಗ ಮತ್ತೆ ಶುರು ಮಾಡಿದ್ದೇವೆ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸೆಕೆಂಡು) 50ರ ಆಸುಪಾಸು. ಪಿಎಫ್4 ಇವತ್ತು ಕಳಿಸುತ್ತೇವೆ ಸರ್, ಒಳ್ಳೆಯ ಮಾತು ನೆನಪಿಸಿದಿರಿ.

ಹಳೇ ಪರ್ಫ್ಯೂಷನಿಸ್ಟ್
ಹಾಗಾದರೆ ಕಾರಣ ಸಿಕ್ಕಿತಲ್ಲ! ಹೆಪಾರಿನ್ ನಿಲ್ಲಿಸಿದ್ದು ತಪ್ಪಲ್ಲ, ರಕ್ತ ಸುರಿಯುವಾಗ ನಿಲ್ಲಿಸಲೇಬೇಕು. ಹೆಪಾರಿನ್ ಇಲ್ಲದಾಗ ಫ್ಲೋ ಚೆನ್ನಾಗಿ ಇಟ್ಟುಕೊಂಡರೆ ಮೆಂಬ್ರೇನ್ ಸ್ವಲ್ಪ ತಡೆಯುತ್ತದೆ. ಫ್ಲೋ 2 ಲೀಟರ್‌ಗೆ ಇಳಿಸಿ, ಹೆಪಾರಿನ್ನೂ ನಿಲ್ಲಿಸಿದರೆ ಕ್ಲಾಟ್ ಕರೆದು ಕೂರಿಸಿದ ಹಾಗೇ.

ಬಿಎಸ್‌ಸಿ ಫೈನಲ್ ಇಯರ್
ವಿಷಯ ಬಿಟ್ಟು ಕೇಳುತ್ತಿದ್ದೇನೆ, ಮೊದಲ ಕಾಲದ ಆಕ್ಸಿಜನೇಟರ್ ಹೀಗೇ ಇತ್ತಾ ಸರ್? ಪರೀಕ್ಷೆಗೆ ಈಗಿನ ಎಳೆಗಳ ಪ್ಲಾಸ್ಟಿಕ್ ಪಾಲಿಮೀಥೈಲ್‌ಪೆಂಟೀನ್ (ಪಿಎಂಪಿ) ಅಂತ ಬಾಯಿಪಾಠ ಮಾಡುತ್ತಿದ್ದೇನೆ.

ಹಳೇ ಪರ್ಫ್ಯೂಷನಿಸ್ಟ್
ಬಾಯಿಪಾಠ ಬೇಡಪ್ಪ, ಅರ್ಥ ಮಾಡಿಕೊ. 1953ರಲ್ಲಿ ಗಿಬ್ಬನ್ ಹಾರ್ಟ್ ಲಂಗ್ ಮೆಷಿನ್ ಬಳಸಿ ಮೊದಲ ಯಶಸ್ವಿ ಆಪರೇಷನ್ ಮಾಡಿದಾಗ ರಕ್ತ ನೇರವಾಗಿ ಆಮ್ಲಜನಕಕ್ಕೆ ತಗಲುತ್ತಿತ್ತು. ಹಾಗೆ ದಿನಗಟ್ಟಲೆ ನಡೆಸಿದರೆ ರಕ್ತವೇ ಹಾಳು. ನಡುವೆ ಒಂದು ಪರದೆ ಬಂದ ಮೇಲೆಯೇ ದಿನಗಟ್ಟಲೆ ನಡೆಸಲು ಆದದ್ದು. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಿಲ್ ಅವರ ತಂಡ ಅಪಘಾತದಲ್ಲಿ ಗಾಯಗೊಂಡ 24 ವರ್ಷದ ಯುವಕನನ್ನು ಮೂರು ದಿನ ನಡೆಸಿ ಉಳಿಸಿತು. 1975ರಲ್ಲಿ ಬಾರ್ಟ್ಲೆಟ್ ಒಂದು ನವಜಾತ ಮಗುವನ್ನು ಉಳಿಸಿದರು. ಆಗ ಸಿಲಿಕೋನ್ ಹಾಳೆ ಸುತ್ತಿದ ಮೆಂಬ್ರೇನ್. ಸೋರುತ್ತಿರಲಿಲ್ಲ, ಆದರೆ ರೆಸಿಸ್ಟೆನ್ಸ್ ವಿಪರೀತ, ಪ್ರೈಮ್ ಮಾಡುವುದೂ (ದ್ರವ ತುಂಬಿ ಗಾಳಿ ತೆಗೆಯುವುದು) ಕಷ್ಟ. ಆಮೇಲೆ ಬಂದ ಪಾಲಿಪ್ರೊಪಿಲೀನ್ ಎಳೆಗಳಲ್ಲಿ ಸಣ್ಣ ಸಣ್ಣ ರಂಧ್ರ. ಆಪರೇಷನ್ ಥಿಯೇಟರ್‌ನ ಕೆಲವು ಗಂಟೆಗೆ ಅದು ಸಾಕು, ದಿನಗಟ್ಟಲೆ ಇಟ್ಟರೆ ಪ್ಲಾಸ್ಮಾ ಸೋರುತ್ತದೆ. ಪಿಎಂಪಿ ಎಳೆಯ ಮೇಲೆ ರಂಧ್ರವಿಲ್ಲದ ತೆಳು ಪದರ ಇದೆ. ಅದಕ್ಕೇ ವಾರಗಟ್ಟಲೆ ತಡೆಯುತ್ತದೆ. ಪ್ಲಾಸ್ಮಾ ಸೋರಿಕೆ ಈಗಿನ ಹುಡುಗರು ಅಪರೂಪಕ್ಕೆ ನೋಡುತ್ತಾರೆ, ನಮ್ಮ ಕಾಲದಲ್ಲಿ ದಿನದ ಮಾತಾಗಿತ್ತು.

ಬಿಎಸ್‌ಸಿ ಫೈನಲ್ ಇಯರ್
ಥ್ಯಾಂಕ್ಸ್ ಸರ್. ಕ್ಲಾಸಿನಲ್ಲಿ ಇದು ಹೀಗೆ ತಲೆಗೆ ಹೋಗಿರಲಿಲ್ಲ.

ಲೆಸ್ಟರ್ ಕನ್ನಡಿಗ
ಮೂಲ ಪ್ರಶ್ನೆಗೆ ಬರೋಣ. ಡಿ-ಡೈಮರ್ ಬಗ್ಗೆ ನನ್ನ ಮಾತು: ಒಂದು ದಿನದ ಅಂಕಿಗೆ ಬೆಲೆ ಇಲ್ಲ. ಸೋಂಕು, ಕಾಲಿನಲ್ಲಿ ಕ್ಲಾಟ್, ಟ್ರಕಿಯಾಸ್ಟಮಿ, ಯಾವುದಕ್ಕಾದರೂ ಏರುತ್ತದೆ. ಆದರೆ ಬೇರೆ ಕಾರಣ ಕಾಣದೆ ದಿನದಿಂದ ದಿನಕ್ಕೆ ಏರುತ್ತಾ, ಫೈಬ್ರಿನೋಜೆನ್, ಪ್ಲೇಟ್‌ಲೆಟ್ ಇಳಿಯುತ್ತಾ ಹೋದರೆ ಸರ್ಕ್ಯೂಟೇ ಅವನ್ನು ತಿನ್ನುತ್ತಿದೆ ಅಂತ ಅನುಮಾನ ಪಡಬೇಕು. ಜರ್ಮನಿಯ ರೀಗೆನ್ಸ್‌ಬರ್ಗ್‌ನವರು 2014ರಲ್ಲಿ 265 ವಿವಿ ರೋಗಿಗಳ ದಾಖಲೆ ನೋಡಿ ಬರೆದ ಲೇಖನ ಹುಡುಕಿ ಓದಿ, ಈ ಪ್ರಶ್ನೆಯೇ ಅದರ ವಿಷಯ.

ಹಿಮೋಲಿಸಿಸ್ (ಕೆಂಪು ರಕ್ತಕಣ ಒಡೆಯುವುದು) ನೋಡಿದ್ರಾ? ಪ್ಲಾಸ್ಮಾ ಫ್ರೀ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 50 ಮಿಲಿಗ್ರಾಂ ದಾಟಿದ್ದರೆ ಪಂಪ್ ಹೆಡ್ ಮೇಲೂ ಕಣ್ಣಿಡಿ.

ಪಂಪ್‌ಸೈಡ್ ಹುಬ್ಬಳ್ಳಿ
ಆ ಪರೀಕ್ಷೆ ನಮ್ಮಲ್ಲಿ ಇಲ್ಲ. ಹೊರಗೆ ಕಳಿಸಿದರೆ ರಿಪೋರ್ಟ್ ಬರುವುದು ತಡ. ಎಲ್‌ಡಿಎಚ್ (ರಕ್ತಕಣ ಒಡೆದಾಗಲೂ ಏರುವ ಕಿಣ್ವ) ಸ್ವಲ್ಪ ಜಾಸ್ತಿ.

ಐಸಿಯು ಅಕ್ಕ
ನಮ್ಮಲ್ಲೂ ಎಷ್ಟೋ ದಿನ ಇರಲಿಲ್ಲ. ಸ್ಯಾಂಪಲ್ ಟ್ಯೂಬ್ ಸೆಂಟ್ರಿಫ್ಯೂಜ್‌ನಿಂದ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡು. ಮೇಲಿನ ಪ್ಲಾಸ್ಮಾ ಒಣಹುಲ್ಲಿನ ಬಣ್ಣ ಇರಬೇಕು. ಗುಲಾಬಿ ಕಂಡರೆ ಡಾಕ್ಟರಿಗೆ ಹೇಳು. ಯೂರಿನ್ ಬ್ಯಾಗ್ ಬಣ್ಣ ನೋಡು. ಪಂಪ್ ಹೆಡ್ ಹತ್ತಿರ ಕಿವಿ ಇಟ್ಟು ಕೇಳು. ಒಂದೇ ಸಮ ಇದ್ದ ಸದ್ದು ಕಟಕಟ ಅಂದರೆ ಒಳಗೆ ಕ್ಲಾಟ್ ಇದೆ ಅಂತ ಅನುಮಾನ. ಸ್ಯಾಂಪಲ್ ಎಳೆಯುವಾಗ ಸಿರಿಂಜ್‌ನಲ್ಲಿ ಜೋರಾಗಿ ಎಳೆದರೂ ಗುಲಾಬಿ ಬರುತ್ತದೆ, ಅದಕ್ಕೆ ಎರಡನೇ ಸ್ಯಾಂಪಲ್ ನಿಧಾನಕ್ಕೆ ತೆಗೆ.

ಪಂಪ್‌ಸೈಡ್ ಹುಬ್ಬಳ್ಳಿ
ಪ್ಲಾಸ್ಮಾ ಹಳದಿಯೇ ಇದೆ ಅಕ್ಕ. ಪಂಪ್ ಸದ್ದೂ ಸರಿ ಇದೆ.

ರಾತ್ರಿಪಾಳಿ ಡಾಕ್ಟರ್
ಸರಿ, ನನ್ನ ನಿಲುವು ಹೇಳುತ್ತೇನೆ. ಆಮ್ಲಜನಕದ ಅಂಕಿ ಒಂದಕ್ಕೇ ಆಗಿದ್ದರೆ ಬದಲಿಸುತ್ತಿರಲಿಲ್ಲ. ಆದರೆ ರೆಸಿಸ್ಟೆನ್ಸ್ ದುಪ್ಪಟ್ಟು, ಸಿಓ2 ಹೋಗುತ್ತಿಲ್ಲ, ಊದಿದರೂ ಸರಿಯಾಗಿಲ್ಲ, ಔಟ್‌ಲೆಟ್ ಬದಿ ಹೊಸ ಎಳೆ, ಪ್ಲೇಟ್‌ಲೆಟ್ ಇಳಿಕೆ. ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ಒಂದು ಪ್ರಶ್ನೆ ಉಳಿದಿದೆ: ಅವರ ಸ್ವಂತ ಶ್ವಾಸಕೋಶ ಹೇಗಿದೆ? ಎರಡು ದಿನದಲ್ಲಿ ಸ್ವೀಪ್ ಆಫ್ ಟ್ರಯಲ್ (ಗ್ಯಾಸ್ ನಿಲ್ಲಿಸಿ ಸ್ವಂತ ಶ್ವಾಸಕೋಶ ಸಾಕಾಗುತ್ತದಾ ನೋಡುವುದು) ಮಾಡುವ ಸ್ಥಿತಿ ಇದ್ದರೆ ಇದೇ ಮೆಂಬ್ರೇನ್‌ನಲ್ಲಿ ದಾಟಿಸಬಹುದು.

ಪಂಪ್‌ಸೈಡ್ ಹುಬ್ಬಳ್ಳಿ
ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) 150 ಎಂಎಲ್ ಕೂಡ ಬರುತ್ತಿಲ್ಲ ಸರ್. ಎಕ್ಸ್‌ರೇ ಎರಡೂ ಕಡೆ ಬಿಳಿ.

ರಾತ್ರಿಪಾಳಿ ಡಾಕ್ಟರ್
ಹಾಗಿದ್ದರೆ ಇನ್ನೂ ವಾರಗಳ ಕೆಲಸ. ನಾಳೆ ಬೆಳಿಗ್ಗೆ ಬದಲಿಸಿ. ನಿಮ್ಮ ಕನ್ಸಲ್ಟೆಂಟ್‌ಗೆ ಈ ಥ್ರೆಡ್ ತೋರಿಸಬೇಡಿ, ಟ್ರೆಂಡ್ ಗ್ರಾಫ್ ಬರೆದು ತೋರಿಸಿ. ಯಾರೂ ಗ್ರಾಫ್ ಜೊತೆ ಜಗಳ ಆಡುವುದಿಲ್ಲ.

ಹಳೇ ಪರ್ಫ್ಯೂಷನಿಸ್ಟ್
ಪೂರ್ತಿ ಸರ್ಕ್ಯೂಟ್ ಬದಲಿಸಿ, ಆಕ್ಸಿಜನೇಟರ್ ಮಾತ್ರ ಬೇಡ. ಎರಡಕ್ಕೂ ಕತ್ತರಿಸುವುದು ಎರಡೇ ಕಡೆ, ಜೋಡಿಸುವುದೂ ಎರಡೇ ಕಡೆ. ಆಕ್ಸಿಜನೇಟರ್ ಮಾತ್ರ ಬದಲಿಸಿದರೆ ಸಮಯ ಉಳಿಯುವುದಿಲ್ಲ. ಪಂಪ್ ಹೆಡ್, ಕನೆಕ್ಟರ್‌ಗಳಲ್ಲಿ ಕೂತ ಕ್ಲಾಟ್ ಮಾತ್ರ ಹಾಗೇ ಉಳಿಯುತ್ತದೆ.

ಲೆಸ್ಟರ್ ಕನ್ನಡಿಗ
ಅಣ್ಣ, ಇದನ್ನು ಪೂರ್ತಿ ಒಪ್ಪುವುದಿಲ್ಲ. ಪೂರ್ತಿ ಸರ್ಕ್ಯೂಟ್ ಅಂದರೆ ಪ್ರೈಮ್ ವಾಲ್ಯೂಮ್ ಜಾಸ್ತಿ, ಹಿಮೋಗ್ಲೋಬಿನ್ ಒಮ್ಮೆಗೇ ಇಳಿಯುತ್ತದೆ. ದುಡ್ಡೂ ಜಾಸ್ತಿ. ಪಂಪ್ ಚೆನ್ನಾಗಿದೆ, ಹಿಮೋಲಿಸಿಸ್ ಇಲ್ಲ ಅಂತಾದರೆ ಆಕ್ಸಿಜನೇಟರ್ ಮಾತ್ರ ಸಾಕು. ಪಂಪ್, ಆಕ್ಸಿಜನೇಟರ್ ಒಂದೇ ಘಟಕವಾಗಿ ಬರುವ ಸೆಟ್‌ಗಳಲ್ಲಿ ಆಯ್ಕೆಯೇ ಇಲ್ಲ, ಅದು ಬೇರೆ ಮಾತು.

ಹಳೇ ಪರ್ಫ್ಯೂಷನಿಸ್ಟ್
ಹಿಮೋಗ್ಲೋಬಿನ್ 9 ಇರುವವರಿಗೆ ರಕ್ತ ಒಂದು ಯೂನಿಟ್ ಕೈಯಲ್ಲಿ ಇಟ್ಟುಕೊಂಡೇ ಹೋಗುವುದಲ್ವಾ? ನನ್ನ ಮಾತು ನನ್ನದೇ. ಎರಡು ದಿನ ಬಿಟ್ಟು ಪಂಪ್‌ಗಾಗಿ ಇನ್ನೊಮ್ಮೆ ಕ್ಲ್ಯಾಂಪ್ ಹಾಕುವುದು ನನಗೆ ಇಷ್ಟವಿಲ್ಲ.

ಬಯೋಮೆಡ್ ಮೈಸೂರು
ವೈ ಕನೆಕ್ಟರ್ ಹಾಕಿ ಇನ್ನೊಂದು ಆಕ್ಸಿಜನೇಟರ್ ಪ್ಯಾರಲಲ್ ಆಗಿ ಜೋಡಿಸಿದರೆ ನಿಲ್ಲಿಸುವುದೇ ಬೇಡ ಅಲ್ವಾ?

ಹಳೇ ಪರ್ಫ್ಯೂಷನಿಸ್ಟ್
ಮೊದಲೇ ವೈ ಇಟ್ಟಿದ್ದರೆ ಆಗುತ್ತದೆ. ಆದರೆ ಬಳಸದೆ ನಿಂತ ಆ ಕವಲಿನಲ್ಲೇ ಕ್ಲಾಟ್ ಕಟ್ಟುತ್ತದೆ. ಕನೆಕ್ಟರ್ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ.

ಐಸಿಯು ಅಕ್ಕ
ಜಗಳ ಸಾಕು, ಆ ಹುಡುಗ ನಾಳೆ ಬೆಳಿಗ್ಗೆ ಮಾಡಬೇಕು. ನಮ್ಮಲ್ಲಿ ಮಾಡುವ ರೀತಿ ಹೇಳುತ್ತೇನೆ.

ಒಬ್ಬರು ಮಾತ್ರ ಆಜ್ಞೆ ಕೊಡುವವರು, ಅವರು ಕೈ ಹಾಕುವುದಿಲ್ಲ. ಹೊಸ ಸೆಟ್ ಪ್ರೈಮ್ ಆಗಿ, ಗಾಳಿ ಎಲ್ಲ ತೆಗೆದು, ಮಂಚದ ಪಕ್ಕಕ್ಕೆ ಬಂದಿರಬೇಕು. ಹೀಟರ್ ನೀರಿನ ಪೈಪು ಯಾವಾಗ ಬದಲಾಗುತ್ತದೆ, ಯಾರು ಬದಲಿಸುತ್ತಾರೆ ಮೊದಲೇ ಹೇಳಿಕೊಳ್ಳಿ. ವೆಂಟಿಲೇಟರ್ ಎಫ್‌ಐಓ2 100, ಪೀಪ್ ಸ್ವಲ್ಪ ಮೇಲೆ, ರೋಗಿ ಪೂರ್ತಿ ನಿದ್ದೆಯಲ್ಲಿ, ಮಸಲ್ ರಿಲ್ಯಾಕ್ಸಂಟ್ ಕೊಟ್ಟಿರಬೇಕು. ಅಡ್ರಿನಲಿನ್ ಸಿರಿಂಜ್‌ನಲ್ಲಿ ತುಂಬಿ ಲೇಬಲ್ ಹಾಕಿ. ಕ್ಲ್ಯಾಂಪ್ ಪ್ರತಿ ಬದಿಗೆ ಎರಡೆರಡು, ಹೆಚ್ಚಿಗೆ ಒಂದೆರಡು. ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ, ಸ್ಟೆರೈಲ್ ಕತ್ತರಿಯಿಂದ ಕತ್ತರಿಸಿ. ಜೋಡಿಸುವಾಗ ಇನ್ನೊಬ್ಬರು ಸಲೈನ್ ಸುರಿಯುತ್ತಲೇ ಇರಬೇಕು, ಎರಡೂ ತುದಿ ತುಂಬಿ ತುಳುಕುವಾಗ ಸೇರಿಸಿದರೆ ಗಾಳಿ ಉಳಿಯುವುದಿಲ್ಲ. ಕ್ಲ್ಯಾಂಪ್ ಬಿಚ್ಚುವ ಮೊದಲು ಎಲ್ಲರೂ ಒಮ್ಮೆ ಗಾಳಿ ಗುಳ್ಳೆ ಇದೆಯಾ ನೋಡಬೇಕು. ಒಬ್ಬರು ಗಡಿಯಾರ ನೋಡಿ ಸೆಕೆಂಡು ಕೂಗಬೇಕು.

ಎಲ್ಲಕ್ಕಿಂತ ಮುಖ್ಯ: ಗ್ಯಾಸ್ ಪೈಪು ಹೊಸದಕ್ಕೆ ಬಂತಾ? ಒಂದು ಕಡೆ ಎಲ್ಲ ಚೆನ್ನಾಗಿ ಆಯಿತು, ಫ್ಲೋ ಬಂತು, ಸ್ಯಾಚುರೇಷನ್ ಮಾತ್ರ ಇಳಿಯುತ್ತಲೇ ಇತ್ತು. ನೋಡಿದರೆ ಗ್ಯಾಸ್ ಪೈಪು ಹಳೆಯ ಆಕ್ಸಿಜನೇಟರ್‌ಗೇ ಸಿಕ್ಕಿಸಿತ್ತು. ರಿಟರ್ನ್ ಲೈನ್ ಕೆಂಪಗೆ ಕಾಣುತ್ತಿದೆಯಾ ಅಂತ ಒಬ್ಬರು ಬಾಯಿ ಬಿಟ್ಟು ಹೇಳಬೇಕು.

ಬಿಎಸ್‌ಸಿ ಫೈನಲ್ ಇಯರ್
ವಿಎ ಎಕ್ಮೋದಲ್ಲೂ (ರಕ್ತವನ್ನು ಆರ್ಟರಿಗೆ ಮರಳಿಸುವಾಗ) ಹೀಗೇನಾ ಅಕ್ಕ?

ರಾತ್ರಿಪಾಳಿ ಡಾಕ್ಟರ್
ಕೆಲಸ ಅದೇ, ಭಯ ಬೇರೆ. ವಿವಿಯಲ್ಲಿ ನಿಲ್ಲಿಸಿದರೆ ಆಮ್ಲಜನಕ ಇಳಿಯುತ್ತದೆ, ಹೃದಯ ಓಡುತ್ತಿರುತ್ತದೆ. ವಿಎಯಲ್ಲಿ ಹೃದಯವೇ ಕೆಲಸ ಮಾಡದಿದ್ದರೆ ನಿಲ್ಲಿಸಿದ ಕ್ಷಣದಿಂದ ಬಿಪಿ ಇಲ್ಲ. ಕ್ಲ್ಯಾಂಪ್ ಹಾಕದೆ ಪಂಪ್ ನಿಲ್ಲಿಸಿದರೆ ಆರ್ಟರಿಯಿಂದ ರಕ್ತ ಹಿಂದಕ್ಕೆ ಹರಿಯುತ್ತದೆ. ಔಟ್‌ಲೆಟ್ ಬದಿಯ ಕ್ಲಾಟ್‌ಗೂ ವಿಎಯಲ್ಲಿ ಹೆದರಿಕೆ ಜಾಸ್ತಿ, ಅಲ್ಲಿಂದ ಹೊರಟರೆ ಮೆದುಳಿಗೂ ಹೋಗಬಹುದು.

ಲೆಸ್ಟರ್ ಕನ್ನಡಿಗ
ಇನ್ನೊಂದು. ಹೊಸ ಸರ್ಕ್ಯೂಟ್ ಫೆಂಟನಿಲ್, ಮಿಡಜೋಲಮ್ ಹೀರಿಕೊಳ್ಳುತ್ತದೆ. ಮಸಲ್ ರಿಲ್ಯಾಕ್ಸಂಟ್ ಇಳಿದ ಮೇಲೆ ಇದ್ದಕ್ಕಿದ್ದಂತೆ ಎಚ್ಚರವಾಗಿ ಕೆಮ್ಮಿದರೆ ಆಶ್ಚರ್ಯ ಬೇಡ, ಡೋಸ್ ಏರಿಸಲು ಸಿದ್ಧವಾಗಿರಿ.

ಪಂಪ್‌ಸೈಡ್ ಹುಬ್ಬಳ್ಳಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ರಾಫ್ ಬರೆದು ತೋರಿಸಿದೆ. ಕನ್ಸಲ್ಟೆಂಟ್ ಒಪ್ಪಿದರು. ಮನೆಯವರ ಜೊತೆ ಅವರೇ ಕೂತು, ಇದು ಯಂತ್ರದ ಭಾಗ, ಮಗನ ಶ್ವಾಸಕೋಶ ಅಲ್ಲ ಅಂತ ಬಿಡಿಸಿ ಹೇಳಿದರು. ತುಮಕೂರಿನವರ ಮಾತು ನಾನೇ ಅವರಿಗೆ ಹೇಳಿದ್ದೆ.

ಪಂಪ್‌ಸೈಡ್ ಹುಬ್ಬಳ್ಳಿ
ಅಪ್‌ಡೇಟ್. ಪೂರ್ತಿ ಸರ್ಕ್ಯೂಟೇ ಬದಲಿಸಿದೆವು. ಕ್ಲ್ಯಾಂಪ್ ಹಾಕಿ ಬಿಚ್ಚುವವರೆಗೆ ಒಂದು ನಿಮಿಷದ ಒಳಗೆ ಆಯಿತು. ಸ್ಯಾಚುರೇಷನ್ 72ಕ್ಕೆ ಇಳಿದು ಮೇಲೆ ಬಂತು. ಬಿಪಿ ಸ್ವಲ್ಪ ಇಳಿಯಿತು, ನಾರ್‌ಅಡ್ರಿನಲಿನ್ ಏರಿಸಿದೆವು, ಒಂದು ಯೂನಿಟ್ ರಕ್ತ ಹೋಯಿತು. ಈಗ 4.4 ಲೀಟರ್‌ಗೆ ಡೆಲ್ಟಾ ಪಿ 23, ಪೋಸ್ಟ್ ಪಿಓ2 420, ಸ್ವೀಪ್ ಮತ್ತೆ 4. ಸಂಜೆ ಹೊತ್ತಿಗೆ ರೋಗಿ ಕಣ್ಣು ಬಿಟ್ಟು ಕೆಮ್ಮಿದರು, ಲೆಸ್ಟರ್ ಸರ್ ಹೇಳಿದ ಹಾಗೇ. ಪಿಎಫ್4 ನೆಗೆಟಿವ್.

ಹಳೇ ಪರ್ಫ್ಯೂಷನಿಸ್ಟ್
ಹಳೆಯದನ್ನು ಸಲೈನ್‌ನಲ್ಲಿ ತೊಳೆದು ನೋಡಿದ್ರಾ?

ಪಂಪ್‌ಸೈಡ್ ಹುಬ್ಬಳ್ಳಿ
ನೋಡಿದೆವು ಸರ್. ಇನ್‌ಲೆಟ್ ಬದಿ ಮೇಲಿನ ಮೂಲೆಯಿಂದ ಓರೆಯಾಗಿ ಕಾಲು ಭಾಗದಷ್ಟು ಕಪ್ಪು, ಎಷ್ಟು ತೊಳೆದರೂ ಬಿಡಲಿಲ್ಲ. ಉಳಿದ ಕಡೆ ಎಳೆಗಳು ಬೆಳ್ಳಗಾದವು. ಔಟ್‌ಲೆಟ್ ಬಾಯಿಯಲ್ಲಿ ಬೆರಳಿನ ಉಗುರಿನಷ್ಟು ದೊಡ್ಡ ಫೈಬ್ರಿನ್ ತುಂಡು ಅಂಟಿಕೊಂಡಿತ್ತು. ಪಂಪ್ ಹೆಡ್ ಒಳಗೆ ಏನೂ ಇರಲಿಲ್ಲ.

ಲೆಸ್ಟರ್ ಕನ್ನಡಿಗ
ಪಂಪ್ ಹೆಡ್‌ನಲ್ಲಿ ಏನೂ ಇರಲಿಲ್ಲ, ನೋಡಿದ್ರಾ ಅಣ್ಣ?

ಹಳೇ ಪರ್ಫ್ಯೂಷನಿಸ್ಟ್
ತೆಗೆದು ನೋಡಿದ ಮೇಲೆ ತಾನೇ ಗೊತ್ತಾಗಿದ್ದು!

ಓದುಗ ತುಮಕೂರು
ಆ ರೋಗಿ ಬೇಗ ಮನೆಗೆ ಹೋಗಲಿ. ಅವರ ಮನೆಯವರಿಗೆ ಯಾರಾದರೂ ಮಾತಾಡಬೇಕು ಅನಿಸಿದರೆ ನನಗೆ ಮೆಸೇಜ್ ಮಾಡಲು ಹೇಳಿ.

ಬಿಎಸ್‌ಸಿ ಫೈನಲ್ ಇಯರ್
ಸರ್, ನಿಮ್ಮಲ್ಲಿ ಸರ್ಕ್ಯೂಟ್ ಬದಲಿಸುವ ಡ್ರಿಲ್ ನಡೆಯುತ್ತದಾ? ನೋಡಲು ಬರಬಹುದಾ?

ಪಂಪ್‌ಸೈಡ್ ಹುಬ್ಬಳ್ಳಿ
ಅವಧಿ ಮುಗಿದ ಒಂದು ಸೆಟ್ ಇದಕ್ಕೇ ಅಂತ ಎತ್ತಿಟ್ಟಿದ್ದೇವೆ, ನೀರು ತುಂಬಿ ಅಭ್ಯಾಸ ಮಾಡುತ್ತೇವೆ. ಕಾಲೇಜಿನಿಂದ ಒಂದು ಪತ್ರ ತನ್ನಿ, ನಾನು ಇಲ್ಲಿ ಕೇಳುತ್ತೇನೆ.

ಐಸಿಯು ಅಕ್ಕ
ಡ್ರಿಲ್‌ಗೆ ರಾತ್ರಿ ಪಾಳಿಯ ನರ್ಸ್‌ಗಳನ್ನೂ ಸೇರಿಸಪ್ಪ. ಯಾವಾಗಲೂ ಬೆಳಗಿನವರನ್ನೇ ಕರೆಯುತ್ತಾರೆ.